ಜೇಡಿಮಣ್ಣಿಗೂ ನೂರು ದಿನ

ತಿಮಿಂಗಿಲದ ಹಲ್ಲು ಅಣ್ಣನ ಮನೆಗೆ ಬಂದ ಬೆಳಿಗ್ಗೆ ಲವೇನಿಯಾ ತನ್ನ ಚಪ್ಪರದಲ್ಲಿ ಕೂತು ಒಂದು ಬೋಗುಣಿಯನ್ನು ಬಡಿಯುತ್ತಿದ್ದಳು. ಒಳಗೆ ಎಡಗೈಯ ಉರುಟು ಕಲ್ಲು, ಹೊರಗೆ ಬಲಗೈಯ ಮರದ ಹಲಗೆ. ಎರಡರ ನಡುವೆ ಹಸಿಮಣ್ಣು ಸ್ವಲ್ಪಸ್ವಲ್ಪವೇ ತೆಳ್ಳಗಾಗುತ್ತಿತ್ತು. ಪೆಟ್ಟು ಸರಿಯಾಗಿ ಬಿದ್ದರೆ ಒಂದು ದನಿ, ಮೈ ಎಲ್ಲೋ ದಪ್ಪ ಉಳಿದಿದ್ದರೆ ಇನ್ನೊಂದು ದನಿ. ಈ ಕೆಲಸದಲ್ಲಿ ಅವಳು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಿದ್ದಳು. ಹಾಗೆ ಕಿವಿಗೊಟ್ಟು ಕೂತವಳಿಗೆ ಅಣ್ಣ ಅಪೊರೋಸಾನ ಮನೆಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ಅಂಗೈ ಗುಳಿ ಮಾಡಿ ನಿಧಾನವಾಗಿ ಹೊಡೆಯುವ ಟೊಳ್ಳು ಚಪ್ಪಾಳೆ. ಯಾರೋ ತಿಮಿಂಗಿಲದ ಹಲ್ಲು ಕಾಣಿಕೆಯಿಟ್ಟು ಏನನ್ನೋ ಕೇಳಿಕೊಂಡು ಬಂದಿದ್ದಾರೆ, ಅಣ್ಣ ಹಲ್ಲು ತೆಗೆದುಕೊಂಡು ಅದಕ್ಕೆ ಒಪ್ಪಿದ್ದಾನೆ ಎಂದಾಯಿತು.

ಸ್ವಲ್ಪ ಹೊತ್ತಿಗೆ ಅತ್ತಿಗೆ ಕೆಲೆರಾ ಏದುಸಿರು ಬಿಡುತ್ತ ಬಂದಳು.

"ಲವೇನಿಯಾ, ಕೂತ ಜಾಗದಲ್ಲೇ ಕೂತಿರು. ಎದ್ರೆ ಬೀಳ್ತೀಯ."

"ಯಾರು ಅತ್ತಿಗೆ ಬಂದಿದ್ದು?"

"ವಾಲೆಬಲಾವು ಊರಿನೋರು. ಅವರ ದೊರೆ ಮಗಳ ಮದುವೆಯಂತೆ, ಐದು ವಾರಕ್ಕೆ. ಹನ್ನೆರಡು ಮಡಕೆ ಬೇಕಂತೆ. ನೀನು ಪೇಟೆ ಅಂಗಡಿಗೆ ಕಳಿಸೋ ಅಂಥ ಪುಟಾಣಿ ಮಡಕೆಯಲ್ಲ, ಮೀನು ಬೇಯಿಸೋ ದೊಡ್ಡವು. ಹುಡುಗಿ ಅಜ್ಜಿ ಮದುವೇಲೂ ನಮ್ಮೂರ ಮಡಕೇಲೇ ಬೇಯ್ಸಿದ್ರಂತೆ."

"ಅಣ್ಣ ಏನಂದ?"

"ಏನಂತಾನೆ? ಹಲ್ಲು ತಗೊಂಡ, ಮೂಗಿಗೆ ಹಿಡಿದು ಮೂಸ್ದ, ಆಯ್ತು ಅಂದ."

ಲವೇನಿಯಾ ಹಲಗೆ ಕೆಳಗಿಟ್ಟಳು. "ಅತ್ತಿಗೆ, ಅವ್ವ ಹೋಗಿ ಇವತ್ತಿಗೆ ಎಷ್ಟು ದಿನ?"

"ನಲವತ್ತಮೂರು."

"ಅವನು ಎಣಿಸ್ಲಿಲ್ವಾ?"

"ಎಣಿಸ್ದ ಕಣೇ. ಮದುವೆಗೆ ನದಿ ಮೀನು ಕೊಡಕ್ಕಾಗಲ್ಲ, ನದಿ ಮುಚ್ಚಿದೆ, ಕ್ಷಮಿಸ್ಬೇಕು ಅಂತ ಅವರ ಹತ್ರ ಕೈಮುಗಿದು ಹೇಳ್ದ."

"ಮಣ್ಣು?"

ಕೆಲೆರಾ ಚಾಪೆಗೆ ಅಂಟಿದ ಒಣ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದಳು.

ಅವ್ವ ತೊಕಾಸಾ ಸತ್ತಾಗ ಊರಿನಲ್ಲಿ ಎರಡು ಜಾಗ ಮುಚ್ಚಿದ್ದವು. ಅವಳನ್ನು ಮಣ್ಣು ಮಾಡಿದ ಸಂಜೆ ಗಂಡಸರು ನದಿಯ ತಿರುವಿನಲ್ಲಿ ಒಂದು ಗಳು ನೆಟ್ಟು ಬಿಳಿ ಬಟ್ಟೆ ಕಟ್ಟಿದರು. ಊರಿನ ಮಾತುಗಾರ ಸೈಯಾಸಿ ನೀಳವಾದ ಮಾತು ಹೇಳಿದ, ಬೇರಿನ ಪುಡಿ ನೀರಲ್ಲಿ ಕಲಸಿದ ಯಂಗೋನಾ ಕುಡಿದರು, ಚಪ್ಪಾಳೆ ಹೊಡೆದರು. ನೂರು ದಿನ ಆ ನೀರಿನಿಂದ ಮೀನು ಹಿಡಿಯುವ ಹಾಗಿಲ್ಲ, ಕಪ್ಪೆಚಿಪ್ಪು ಹೆಕ್ಕುವ ಹಾಗಿಲ್ಲ. ಹಿರಿಯರು ಹೋದಾಗ ಹಾಕುವ ನಿಷೇಧ, ತಂಬು ಅದು. ಮರುದಿನ ನಸುಕಿನಲ್ಲಿ ಮಡಕೆ ಮಾಡುವ ಹೆಂಗಸರು ದಿಬ್ಬ ಹತ್ತಿ ಜೇಡಿಮಣ್ಣಿನ ಗುಂಡಿಯ ಬಾಯಿಗೆ ತೆಂಗಿನ ಗರಿಯನ್ನು ಗಂಟು ಹಾಕಿ ಕಟ್ಟಿದರು. ಅಲ್ಲಿ ಮಾತುಗಾರ ಇರಲಿಲ್ಲ, ಯಂಗೋನಾ ಇರಲಿಲ್ಲ. ಮೂವರು ಹೆಂಗಸರು, ಒಂದು ಗರಿ, ಅಷ್ಟೇ. ಐವತ್ತೆರಡು ವರ್ಷ ಆ ಗುಂಡಿಯಲ್ಲಿ ಅಗೆದ ಕೈಗಾಗಿ ಮಣ್ಣು ನೂರು ದಿನ ಸುಮ್ಮನಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಇಳಿದು ಬಂದಿದ್ದರು.

ಆ ಮೂವರಲ್ಲಿ ವಸೆಮಾದಾ ಅತ್ತೆ ಹಿರಿಯಳು, ಲವೇನಿಯಾ ಚಿಕ್ಕವಳು, ನಲವತ್ತೊಂಬತ್ತು. ಮೇಲುಹೊಳೆಯ ಊರಿಗೆ ಮದುವೆಯಾಗಿ ಹೋಗಿ, ಗಂಡ ಸತ್ತ ಮೇಲೆ ತವರಿಗೆ ಬಂದಾಗ ಅವಳ ಗಂಟಿನಲ್ಲಿ ಉಡುವ ಎರಡು ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ತವರಿಗೆ ಮರಳಿದ ಮಗಳಿಗೆ ಊಟ ಸಿಗುತ್ತದೆ, ಮಾತು ಸಿಗುವುದಿಲ್ಲ. ಅವ್ವ ಆಗ ಒಂದೇ ಒಂದು ಮಾತು ಹೇಳಿದ್ದಳು: "ಅಳೋದಿದ್ರೆ ಮಣ್ಣು ತುಳೀತಾ ಅಳು. ಕೆಲಸವಾದ್ರೂ ಆಗತ್ತೆ." ಮಣ್ಣಿಗೆ ಮರಳು ಬೆರೆಸಿ ಕಾಲಲ್ಲಿ ತುಳಿದು, ಹದ ಮಾಡಿ, ಹನ್ನೆರಡು ವರ್ಷದಲ್ಲಿ ಲವೇನಿಯಾ ಮಾಡಿದ ಮಡಕೆಗಳು ಸುತ್ತಲಿನ ಊರುಗಳ ಮದುವೆಗೂ ತಿಥಿಗೂ ಹೋಗಿ ಬಂದಿದ್ದವು. ದೊಡ್ಡ ಮಡಕೆಯಾದರೆ ಅದು ತಿರುಗುವುದಿಲ್ಲ, ಎಲೆಯ ಸಿಂಬಿಯ ಮೇಲೆ ಕೂತಿರುತ್ತದೆ. ಅವಳೇ ಹಲಗೆ ಹಿಡಿದು ಅದರ ಸುತ್ತ ಬಗ್ಗಿ ನಡೆಯುತ್ತಾಳೆ. ಒಂದು ಮಡಕೆ ಮುಗಿಯುವ ಹೊತ್ತಿಗೆ ಎಷ್ಟು ದೂರ ನಡೆದಿರುತ್ತಾಳೋ.

ಹಳೆಯ ಮಣ್ಣು ಚಪ್ಪರದ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಇನ್ನೂ ಸ್ವಲ್ಪ ಇತ್ತು. ಈ ನಲವತ್ತಮೂರು ದಿನ ಅದರಲ್ಲೇ ಬೋಗುಣಿ, ಕುಡಿಕೆ ಮಾಡಿಕೊಂಡು ದಿನ ದೂಡುತ್ತಿದ್ದಳು. ಹನ್ನೆರಡು ದೊಡ್ಡ ಮಡಕೆ ಇರಲಿ, ಅದರಲ್ಲಿ ಎರಡು ಕೂಡ ಆಗುವಂತಿರಲಿಲ್ಲ. ನೂರನೆಯ ದಿನ ಕಳೆಯುವವರೆಗೆ ಕಾಯೋಣವೆಂದರೆ ಮದುವೆ ಎಪ್ಪತ್ತೆಂಟನೆಯ ದಿನಕ್ಕೇ ಬಂದು ಕೂತಿತ್ತು.

ಸಂಜೆ ಅಣ್ಣನ ಮನೆಯಲ್ಲಿ ಮಾತಾಯಿತು. ಇಲ್ಲಿ ಒಡಹುಟ್ಟಿದ ಅಣ್ಣ ತಂಗಿ ದೊಡ್ಡವರಾದ ಮೇಲೆ ಎದುರೆದುರು ಮಾತಾಡುವುದಿಲ್ಲ. ಅದು ಸಿಟ್ಟಲ್ಲ, ಮರ್ಯಾದೆ. ಅಪೊರೋಸಾ ಜಗಲಿಯಲ್ಲಿ ಹೊರಗೆ ಮುಖ ಮಾಡಿ ಕೂತ. ಲವೇನಿಯಾ ಒಳಗೆ ಗೋಡೆಗೆ ಮುಖ ಮಾಡಿ ಕೂತಳು. ಬಾಗಿಲ ಹೊಸ್ತಿಲಲ್ಲಿ ಕೆಲೆರಾ ಮರಗೆಣಸಿನ ಸಿಪ್ಪೆ ತೆಗೆಯುತ್ತ ಕೂತಿದ್ದಳು.

"ಅತ್ತಿಗೆ, ನಿನ್ ಗಂಡಂಗೆ ಹೇಳು, ಮಣ್ಣು ಮುಚ್ಚಿದೆ."

"ಕೇಳಿಸ್ತೇನ್ರೀ? ಮಣ್ಣು ಮುಚ್ಚಿದೆಯಂತೆ."

"ಅವಳಿಗೆ ಹೇಳು," ಎಂದ ಅಪೊರೋಸಾ ಅಂಗಳದ ಕಡೆ ನೋಡುತ್ತ, "ತಂಬು ಹಾಕಿರೋದು ನದಿಗೆ. ನಾನೇ ನಿಂತು ಹಾಕ್ಸಿದ್ದೀನಿ. ಮಣ್ಣಿನ ವಿಚಾರ ಯಾರೂ ನಂಗೆ ಹೇಳಿಲ್ಲ."

"ಹೇಳ್ಬೇಕಿತ್ತಾ ಕೇಳು. ನಲವತ್ತಮೂರು ದಿನದಿಂದ ಗರಿ ಅಲ್ಲೇ ನೇತಾಡ್ತಿದೆ. ದಿನಾ ತೋಟಕ್ಕೆ ಅದೇ ದಾರೀಲಿ ಹೋಗ್ತಾನಲ್ಲ, ಏನಂದ್ಕೊಂಡಿದ್ದ? ಒಣಗಾಕಿದ ಪೊರಕೆ ಅಂತಲಾ?"

ಕೆಲೆರಾ ನಗು ತಡೆಯಲಾರದೆ ತಲೆ ತಗ್ಗಿಸಿದಳು. "ಇದನ್ನ ನೀವೇ ಕೇಳಿಸ್ಕೊಂಡ್ರಿ ಅನ್ಸತ್ತೆ, ನಾನು ಹೇಳಲ್ಲ."

"ಹೆಂಗಸರು ಗರಿ ಕಟ್ಟಿದ್ದೆಲ್ಲ ತಂಬು ಆದ್ರೆ ಊರಲ್ಲಿ ಕಾಲಿಡಕ್ಕೆ ಜಾಗ ಇರಲ್ಲ ಅಂತ ಹೇಳು. ಹಲ್ಲು ತಗೊಂಡಾಗಿದೆ. ಚಪ್ಪಲಿ ಅಳತೆ ಸರಿಹೋಗ್ಲಿಲ್ಲ ಅಂತ ವಾಪಸ್ ಕೊಡೋ ವಸ್ತುನಾ ಅದು? ಊರಿನ ಮಾನ ಹೋಗತ್ತೆ."

"ಹಲ್ಲು ಮೂಸಿದ ಮೂಗು ಯಾರದೋ ಅವರೇ ಮಡಕೆ ಬಡೀಲಿ ಅಂತ ಹೇಳು ಅತ್ತಿಗೆ. ಹಲಗೆ ಕಲ್ಲು ಎರಡೂ ನಾನು ಕೊಡ್ತೀನಿ."

ಜಗಲಿಯ ತುದಿಯಲ್ಲಿ ಯಂಗೋನಾ ಕಲಸುತ್ತಿದ್ದ ಸೈಯಾಸಿ ಗೊಳ್ಳೆಂದು ನಕ್ಕು, ಆಮೇಲೆ ತಾನು ಯಾರ ಕಡೆ ಕೂತಿದ್ದೇನೆ ಎಂದು ನೆನಪಾಗಿ ಕೆಮ್ಮಿದ. ಅಪೊರೋಸಾ ನಗಲಿಲ್ಲ.

"ಸೋಮವಾರ ನಾಲ್ಕು ಜನ ಹುಡುಗರು ಗುದ್ದಲಿ ಹಿಡ್ಕೊಂಡು ದಿಬ್ಬಕ್ಕೆ ಹೋಗ್ತಾರೆ. ಮಣ್ಣು ತಂದು ಅವಳ ಚಪ್ಪರದ ಮುಂದೆ ಸುರೀತಾರೆ. ಆಮೇಲೆ ಅವಳು ಬಡಿದ್ರೂ ಸರಿ, ವಸೆಮಾದಾ ಅತ್ತೆ ಬಡಿದ್ರೂ ಸರಿ. ಅಷ್ಟೇ ಹೇಳು."

ಕೆಲೆರಾ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನ ಲವೇನಿಯಾ ಒಣಗಿದ್ದ ಬೋಗುಣಿಗಳನ್ನು ಸುಡಲು ಕೂತಳು. ಗಾಳಿ ಇರಲಿಲ್ಲ. ಜೊಂಡು, ತೆಂಗಿನ ಗರಿ ಒಟ್ಟಿ ಬೆಂಕಿ ಹಚ್ಚಿದಳು. ಕೆಂಪಗೆ ಕಾದ ಬೋಗುಣಿಯನ್ನು ಕೋಲಿನಿಂದ ಹೊರಗೆಳೆದು ಮರದ ರಾಳ ಉಜ್ಜಿದಾಗ ಅದು ಚುಯ್ಯೆಂದು ಕರಗಿ ಮೈಗೆಲ್ಲ ಹೊಳಪು ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ವಸೆಮಾದಾ ಅತ್ತೆ ಹೊಗೆಗೆ ಕಣ್ಣು ಕಿರಿದು ಮಾಡಿ ಹೇಳಿದಳು: "ಅವನು ಮನೆತನದ ಯಜಮಾನ ಕಣೇ. ಮಾತು ಮೀರ್ಬಾರದು."

"ನಾನೆಲ್ಲಿ ಮೀರ್ದೆ ಅತ್ತೆ? ತಂಬು ಮೀರ್ತಿರೋನು ಅವನು."

"ನಮ್ಮದನ್ನ ಅವರು ತಂಬು ಅಂತಾನೇ ಎಣಿಸಿಲ್ವಲ್ಲ."

"ನೀನು?"

ಎಪ್ಪತ್ತು ದಾಟಿದ ಆ ಹೆಂಗಸು ಬೆಂಕಿ ಕೆದಕಿದಳು. "ಗರಿ ಗಂಟು ಹಾಕಿದ್ದು ನಾನೇ," ಎಂದಳು. "ಬಿಗಿಯಾಗೇ ಹಾಕಿದ್ದೀನಿ."

ಶನಿವಾರ ಕೆಲೆರಾಳ ಮೊಮ್ಮಗನ ಮೊದಲ ಹುಟ್ಟುಹಬ್ಬ. ನೆಲದ ಒಲೆಯಿಂದ ಹಂದಿ, ಕೆಸುವಿನ ಗೆಡ್ಡೆ ತೆಗೆದು ಚಾಪೆಯ ಉದ್ದಕ್ಕೂ ಬಡಿಸಿದ್ದರು. ಪಾಪು ಕೆನೆಯ ಕೇಕಿಗೆ ಎರಡೂ ಕೈ ಹಾಕಿತ್ತು. ಲವೇನಿಯಾ ತಂದ ಪುಟ್ಟ ಬೋಗುಣಿಯಲ್ಲಿ ಅದಕ್ಕೆ ತೆಂಗಿನ ಹಾಲು ಹಾಕಿ ಕೊಟ್ಟರು. ಪೇಟೆಯಿಂದ ಬಂದಿದ್ದ ಸೋದರತ್ತೆಯ ಮಗನೊಬ್ಬ ಬಾಯಿತುಂಬ ತಿನ್ನುತ್ತ ಕೂಗಿ ಹೇಳಿದ: "ಹುಷಾರು ಕಣ್ರಪ್ಪಾ! ಆ ಬೋಗುಣಿ ಮುಟ್ಟೋ ಮೊದ್ಲು ಲವೇನಿಯಾನ ಕೇಳಿ. ಅದಕ್ಕೂ ತಂಬು ಹಾಕಿರ್ತಾಳೆ!"

ಚಾಪೆಯ ಈ ತುದಿಯಿಂದ ಆ ತುದಿಯವರೆಗೆ ನಗು ಹರಿಯಿತು.

"ಬೋಗುಣಿಗೆ ಹಾಕಿಲ್ಲ ಭಾವ," ಎಂದಳು ಲವೇನಿಯಾ ಅವನ ಎಲೆಗೆ ಇನ್ನೊಂದು ತುಂಡು ಹಂದಿ ಹಾಕುತ್ತ. "ನಿನ್ ಬಾಯಿಗೆ ಹಾಕ್ಬೇಕು ಅಂತಿದ್ದೆ, ಅಷ್ಟು ದೊಡ್ಡ ಗರಿ ಸಿಗ್ಲಿಲ್ಲ."

ಈ ಸಲ ನಗು ಇನ್ನೂ ಜೋರಾಯಿತು. ಆದರೆ ನಕ್ಕವರಲ್ಲಿ ಒಬ್ಬರೂ ಸೋಮವಾರದ ಮಾತು ಎತ್ತಲಿಲ್ಲ. ಲವೇನಿಯಾ ಎಲ್ಲರ ಮುಖ ನೋಡಿದಳು. ಗುದ್ದಲಿ ಬೇಡ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಒಂದು ಸಲ ಮಣ್ಣು ತೆಗೆದರೆ ಗುಂಡಿಗೆ ನೋವಾಗುವುದಿಲ್ಲ, ಅವಳಿಗೂ ಗೊತ್ತು. ಆದರೆ ನಾಳೆ ವಸೆಮಾದಾ ಅತ್ತೆ ಸತ್ತಾಗ, ತಾನು ಸತ್ತಾಗ, ಯಾವ ಗರಿಯೂ ಯಾರನ್ನೂ ತಡೆಯುವುದಿಲ್ಲ. ಅವ್ವನ ಕೈ ಐವತ್ತೆರಡು ವರ್ಷ ಏನೂ ಮಾಡಿಯೇ ಇರಲಿಲ್ಲ ಎಂದಾಗುತ್ತದೆ.

ಸೋಮವಾರ ಬಿಸಿಲು ಏರುವ ಮೊದಲೇ ಗುದ್ದಲಿ ಹೊತ್ತ ನಾಲ್ವರು ದಿಬ್ಬದ ದಾರಿ ಹಿಡಿದರು. ಲವೇನಿಯಾ ಅವರ ಹಿಂದೆ ಹೋಗಲಿಲ್ಲ. ಗೋಡೆಗೆ ನೇತುಹಾಕಿದ್ದ ಬಲೆ ತೆಗೆದು ಹೆಗಲಿಗೆ ಹಾಕಿಕೊಂಡು, ಊರ ನಡುವಿನ ಹುಲ್ಲು ಬಯಲಲ್ಲೇ, ಎಲ್ಲರಿಗೂ ಕಾಣುವ ಹಾಗೆ ನದಿಯ ಕಡೆ ನಡೆದಳು. ಮೊದಲು ನೋಡಿದ್ದು ಬಟ್ಟೆ ಒಗೆಯುತ್ತಿದ್ದ ಕೆಲೆರಾ.

"ಏ ಲವೇನಿಯಾ! ಬಲೆ ಯಾಕೆ? ಎಲ್ಲಿಗೆ?"

"ಮೀನಿಗೆ."

"ಅಯ್ಯೋ, ಹುಚ್ಚಿ! ಅಲ್ಲಿ..." ಕೆಲೆರಾ ಒಗೆಯುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟಳು. ಸಾಬೂನಿನ ಕೈಯಲ್ಲೇ ಗಂಡನನ್ನು ಕೂಗುತ್ತ ಓಡಿದಳು.

ಲವೇನಿಯಾ ಬಟ್ಟೆ ಎತ್ತಿ ಕಟ್ಟಿ ನೀರಿಗಿಳಿದಳು. ಬಿಳಿ ಬಟ್ಟೆಯ ಗಳುವಿನ ಬುಡದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಬಲೆಯನ್ನು ಬಿಡಿಸಿ ಎರಡು ಕೈಗೂ ಹಂಚಿಕೊಂಡಳು. ನಲವತ್ತೇಳು ದಿನ ಯಾರೂ ಮುಟ್ಟದ ನೀರು. ಮೀನುಗಳು ಹೆದರಿಕೆಯನ್ನೇ ಮರೆತು ಅವಳ ಕಾಲಿಗೆ ತಾಗಿಕೊಂಡು ಹೋಗುತ್ತಿದ್ದವು. ಅಲ್ಲಿಂದ ತಲೆ ಎತ್ತಿದರೆ ದಿಬ್ಬದ ಗುಂಡಿ ನೇರ ಕಾಣುತ್ತದೆ. ಮೊದಲ ಗುದ್ದಲಿ ಮಣ್ಣಿಗೆ ಬಿದ್ದರೆ ತನ್ನ ಬಲೆಯೂ ನೀರಿಗೆ ಬೀಳುತ್ತದೆ ಎಂದು ಅವಳು ತೀರ್ಮಾನಿಸಿಯಾಗಿತ್ತು. ಅವ್ವಾ, ಇದೂ ನಿನ್ನದೇ, ಅದೂ ನಿನ್ನದೇ, ಎಂದುಕೊಂಡಳು.

ದಂಡೆಯಲ್ಲಿ ಜನ ಸೇರಿದರು. ಸೈಯಾಸಿ ಎಡವುತ್ತ ಬಂದ. "ಲವೇನಿಯಾ! ಹೊರಗೆ ಬಾ! ನಿಮ್ಮವ್ವನ ತಂಬು ಅದು! ಕೈಕಾಲು ಬಿದ್ದೋಗತ್ತೆ ನಿಂಗೆ!"

"ಯಾವ ತಂಬು ಚಿಕ್ಕಪ್ಪಾ? ಇಲ್ಲೊಂದು ಬಟ್ಟೆ ಒಣಗಾಕಿದಾರೆ, ಅಷ್ಟೇ ಕಾಣತ್ತೆ ನಂಗೆ."

"ಸತ್ತೋರ ಹೆಸರಲ್ಲಿ ಆಟ ಆಡ್ಬೇಡ!"

"ನಾನಾ ಆಡ್ತಿರೋದು? ನಲವತ್ತೇಳು ದಿನದಿಂದ ನಿಮ್ಮ ನದಿ ಕಾದಿದ್ದೀವಿ. ಈ ಊರಿನ ಯಾವ ಹೆಂಗಸಾದ್ರೂ ಒಂದು ಕಪ್ಪೆಚಿಪ್ಪು ಮುಟ್ಟಿದಾಳಾ, ಕೇಳು. ಹಸಿದ್ರೂ ಮುಟ್ಟಿಲ್ಲ. ಮೇಲೆ ನೋಡು, ನಿಮ್ಮ ಹುಡುಗರು ಎಲ್ಲಿ ನಿಂತಿದಾರೆ!"

ದಿಬ್ಬದ ಮೇಲೆ ನಾಲ್ವರೂ ಗುದ್ದಲಿ ಊರಿಕೊಂಡು ಕೆಳಗಿನ ಗಲಾಟೆ ನೋಡುತ್ತಿದ್ದರು. ಒಬ್ಬ ಗರಿಗೆ ಕೈ ಹಾಕಿದ್ದ. ಅಪೊರೋಸಾ ದಂಡೆಗೆ ಬಂದು ನಿಂತ. ತಂಗಿ ಅವನ ಕಡೆ ನೋಡಲಿಲ್ಲ, ಅವನೂ ನೋಡಲಿಲ್ಲ. ಅವನು ಗಳುವನ್ನು ನೋಡಿದ, ಅದರ ಬಟ್ಟೆಯನ್ನು ನೋಡಿದ. ಆಮೇಲೆ ದಿಬ್ಬದ ಮೇಲೆ ಬಾಡಿ ಕಂದಾಗಿದ್ದ ಗರಿಯನ್ನು, ಬಹುಶಃ ಮೊದಲ ಸಲ, ನೋಡಿದ. ಲವೇನಿಯಾಳ ಕೈಯಲ್ಲಿ ಬಲೆಯ ಸೀಸದ ಗುಂಡುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

"ಕೆಲೆರಾ," ಎಂದ ಅವನು ಕೊನೆಗೆ. "ಹುಡುಗರಿಗೆ ಇಳಿದು ಬನ್ನಿ ಅಂತ ಕೂಗು."

ಕೆಲೆರಾ ಕೂಗಿದ ದನಿಗೆ ಆಚೆ ದಡದ ಕುದುರೆಗಳು ತಲೆ ಎತ್ತಿದವು. ಗುದ್ದಲಿಗಳು ಇಳಿದು ಬರುವವರೆಗೆ ಕಾದು, ಲವೇನಿಯಾ ನೀರು ಸೋಕದ ಬಲೆಯನ್ನು ಹಾಗೆಯೇ ಮಡಿಸಿಕೊಂಡು ನೀರಿನಿಂದ ಎದ್ದು ಬಂದಳು.

ಅಪೊರೋಸಾ ತನ್ನ ಮನೆಯಲ್ಲಿದ್ದ ತಿಮಿಂಗಿಲದ ಹಲ್ಲೊಂದನ್ನು ತೆಗೆದುಕೊಂಡು ವಾಲೆಬಲಾವಿಗೆ ತಪ್ಪೊಪ್ಪಿಕೊಳ್ಳಲು ಹೋದ. ಅವರು ಹಲ್ಲು ತೆಗೆದುಕೊಂಡರು, ತಪ್ಪನ್ನು ಮನ್ನಿಸಿದರು, ಮದುವೆ ಮುಂದೆ ಹಾಕಲಿಲ್ಲ. ಪೇಟೆಯಿಂದ ಅಲ್ಯೂಮಿನಿಯಂ ಹಂಡೆಗಳು ಬಂದವು. ಊರಿನ ಕೆಲವರು ಲವೇನಿಯಾಳ ಚಪ್ಪರದ ಮುಂದೆ ಹಾಯುವಾಗ ಮಾತು ನಿಲ್ಲಿಸಿ ಹಾಯುತ್ತಿದ್ದರು. ದೊರೆ ಮನೆಯ ಮದುವೆಗೆ ಮಡಕೆ ಕೊಡುವುದೆಂದರೆ ಜೀವಮಾನದಲ್ಲಿ ಒಮ್ಮೆ ಬರುವ ಕೆಲಸ. ಅದು ಅವಳ ಕೈಯಿಂದಲೇ ಜಾರಿತ್ತು. ಹಂಡೆಗಳ ಸುದ್ದಿ ಕೇಳಿದ ದಿನ ಅವಳು ಒಂದು ಕುಡಿಕೆಯನ್ನು ಬಡಿದು ಬಡಿದು ಮೈ ತೂತಾಗುವಷ್ಟು ತೆಳ್ಳಗೆ ಮಾಡಿದಳು. ಆಮೇಲೆ ಅದನ್ನು ಮುದ್ದೆ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದಳು.

ಮದುವೆಗೆ ಹೋಗದೆ ಇರಲಿಲ್ಲ. ಊರಿನ ಹೆಂಗಸರ ಜೊತೆ ಚಾಪೆಗಳ ಹೊರೆ ಹೊತ್ತು, ತಲೆ ಎತ್ತಿಯೇ ಹೋದಳು. ಅಡುಗೆ ಚಪ್ಪರದಲ್ಲಿ ಸೌಟು ಹಿಡಿದ ಹೆಂಗಸೊಬ್ಬಳು ಕಣ್ಣು ಹೊಡೆದು ಕೇಳಿದಳು: "ಏನ್ರವ್ವಾ, ಮಡಕೆ ಊರಿನೋರು ಚಾಪೆ ತಂದಿದೀರಿ?"

"ಹೂಂ ಕಣವ್ವಾ. ಇನ್ನು ಇಪ್ಪತ್ತೆರಡು ದಿನಕ್ಕೆ ಮಣ್ಣು ತೆರೆಯತ್ತೆ, ಒಂದೆರಡು ತಿಂಗಳು ತಡ್ಕೊಂಡಿದ್ರೆ ಮಡಕೆ ತರ್ತಿದ್ವಿ. ನಿಮ್ ಅಳಿಯಂಗೆ ಅಷ್ಟು ಅವಸರ ಇತ್ತಲ್ಲ!"

ಸೌಟಿನ ಹೆಂಗಸು ನಕ್ಕು ಅವಳಿಗೆ ಹಂಡೆಯಿಂದ ಮೀನು ಬಡಿಸಿದಳು. ತಳ ಹತ್ತಿದ ಮೀನು. ಲವೇನಿಯಾ ಏನೂ ಹೇಳದೆ ಪೂರ್ತಿ ತಿಂದಳು.

ನೂರನೆಯ ದಿನ ಬಂತು. ಊರಿನ ಸಭಾಮನೆಯಲ್ಲಿ ಮಧ್ಯಾಹ್ನಕ್ಕೆ ಎಲ್ಲ ಸೇರಿದರು. ನೆಲದ ಒಲೆ ತೆಗೆದಾಗಿತ್ತು. ಬೆಂದ ಗೆಡ್ಡೆಯ ವಾಸನೆ ಒಳಗೆಲ್ಲ ತುಂಬಿತ್ತು. ಮೇಲುಗಡೆ ಅಪೊರೋಸಾ ಮತ್ತು ಗಂಡಸರು, ಬಾಗಿಲ ಕಡೆ ಹೆಂಗಸರು. ಸೈಯಾಸಿ ಮುಂದೆ ಬಂದು ಮಂಡಿಯೂರಿ ಕೂತು, ತೊಕಾಸಾಳ ಹೆಸರು ಹೇಳಿ, ಅವಳ ಗಂಡನ ಹೆಸರು ಹೇಳಿ, ದುಃಖದ ಬಟ್ಟೆ ಕಳಚಿತೆಂದೂ ನದಿಯ ತಿರುವು ಇಂದಿನಿಂದ ತೆರೆಯಿತೆಂದೂ ಅಂದವಾದ ಮಾತಿನಲ್ಲಿ ಹೇಳಿ ಮುಗಿಸಿದ.

ಗಂಡಸರ ಕಡೆ ಚಪ್ಪಾಳೆ ಎದ್ದಿತು, ನಡುವಿನಲ್ಲೇ ಕುಂಟಿತು. ಬಾಗಿಲ ಕಡೆಯಿಂದ ಸದ್ದೇ ಇರಲಿಲ್ಲ.

ಲವೇನಿಯಾಳ ಕೈಗಳು ತೊಡೆಯ ಮೇಲಿದ್ದವು. ಅವಳು ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ವಸೆಮಾದಾ ಅತ್ತೆ ಎರಡೂ ಕೈಯನ್ನು ಬಟ್ಟೆಯೊಳಗೆ ತೂರಿಸಿ, ಚಳಿಯಾದವಳ ಹಾಗೆ ಕೂತಿದ್ದಳು. ಅವಳ ಪಕ್ಕ ಮೂರನೆಯ ಕುಂಬಾರಗಿತ್ತಿ. ಅದರಾಚೆ ಕೆಲೆರಾ. ಮಡಕೆಯ ಹಲಗೆಯನ್ನು ಒಮ್ಮೆಯೂ ಹಿಡಿಯದ ಕೆಲೆರಾ ಕೂಡ ಕೈಕಟ್ಟಿ ಕೂತು ಸೀದಾ ಗಂಡನ ಮುಖ ನೋಡುತ್ತಿದ್ದಳು. ಎಲ್ಲರೂ ಹೊಡೆಯದ ಚಪ್ಪಾಳೆಗೆ ಲೆಕ್ಕವಿಲ್ಲ. ಚಪ್ಪಾಳೆ ಪೂರ್ತಿಯಾಗದೆ ತಂಬು ತೆರೆಯುವುದಿಲ್ಲ, ತಂಬು ತೆರೆಯದೆ ಊಟವಿಲ್ಲ.

ಸೈಯಾಸಿ ಗಂಟಲು ಸರಿಮಾಡಿಕೊಂಡು ಕೊನೆಯ ಸಾಲನ್ನು ಮತ್ತೊಮ್ಮೆ, ಕಿವಿ ಕೇಳದವರಿಗೆ ಹೇಳುವ ಹಾಗೆ, ಜೋರಾಗಿ ಹೇಳಿದ. ಬಾಗಿಲ ಕಡೆ ಒಂದು ಮಗು ಅತ್ತಿತು, ಅಷ್ಟೇ.

"ಊಟ ಆರಿಹೋಗತ್ತಲ್ರವ್ವಾ," ಎಂದ ಯಾರೋ ಒಬ್ಬ ಮುದುಕ.

"ಆರ್ಲಿ," ಎಂದಳು ವಸೆಮಾದಾ ಅತ್ತೆ. "ನಮಗೇನು ಅವಸರ ಇಲ್ಲ."

ಅಪೊರೋಸಾ ಚಾಪೆಯನ್ನೇ ನೋಡುತ್ತಿದ್ದ. ಆಮೇಲೆ ಸೈಯಾಸಿಯ ಕಡೆ ಬಗ್ಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇನ್ನೊಂದಿದೆ. ಅದನ್ನೂ ಹೇಳು."

"ಅದಕ್ಕೆ ಮಾತಿಲ್ವಲ್ಲಪ್ಪಾ," ಸೈಯಾಸಿ ಪಿಸುಗುಟ್ಟಿದ. "ನಮ್ಮಪ್ಪ ನಂಗೆ ನದಿಗೆ ಹೇಳೋದು ಕಲ್ಸಿದಾನೆ, ತೋಟಕ್ಕೆ ಹೇಳೋದು ಕಲ್ಸಿದಾನೆ. ಮಣ್ಣಿಗೆ ಯಾರೂ ಹೇಳಿದ್ದಿಲ್ಲ."

"ಹೊಸದಾಗಿ ಕಟ್ಟು."

ಮುದಿ ಮಾತುಗಾರ ಬೆವರಿದ. ಎರಡು ಸಲ ಶುರು ಮಾಡಿ ನಿಲ್ಲಿಸಿದ. ಮೂರನೆಯ ಸಲ, ಅಲಂಕಾರವೆಲ್ಲ ಬಿಟ್ಟು, ಅಂಗಳದಲ್ಲಿ ಮಾತಾಡುವ ಹಾಗೆ ಹೇಳಿದ: "ದಿಬ್ಬದ ಜೇಡಿಮಣ್ಣು, ತೊಕಾಸಾಗೋಸ್ಕರ ನೂರು ದಿನ ಮುಚ್ಚಿತ್ತು. ಮುಚ್ಚಿದ್ದು..." ಇಲ್ಲಿ ಅವನು ತಡೆದು ಬಾಗಿಲ ಕಡೆ ನೋಡಿದ. ಲವೇನಿಯಾ ಕಣ್ಣು ಮಿಟುಕಿಸಲಿಲ್ಲ. "ಮುಚ್ಚಿದ್ದು ಮಡಕೆ ಮಾಡೋ ಹೆಂಗಸರು. ಇವತ್ತು ತೆರೀತು."

ಲವೇನಿಯಾ ತೊಡೆಯ ಮೇಲಿಂದ ಕೈ ಎತ್ತಿದಳು. ಅಂಗೈಗಳನ್ನು ಗುಳಿ ಮಾಡಿ ಒಂದಕ್ಕೊಂದು ಕೂಡಿಸಿ ಹೊಡೆದಳು. ಅವಳ ಹಿಂದೆ ಬಾಗಿಲ ಕಡೆಯ ಕೈಗಳೆಲ್ಲ ಒಟ್ಟಿಗೆ ಬಿದ್ದವು.

ಊಟ ಆರಿತ್ತು. ಯಾರೂ ದೂರಲಿಲ್ಲ. ಗಂಡಸರು ಬಲೆ ಸರಿಮಾಡಿಕೊಂಡು ನದಿಗೆ ಇಳಿಯುವ ಹೊತ್ತಿಗೆ ಮೂವರು ಹೆಂಗಸರು ಗುದ್ದಲಿ ಹಿಡಿದು ಆಗಲೇ ದಿಬ್ಬದ ಅರ್ಧಕ್ಕೆ ಹತ್ತಿದ್ದರು.